ಅಚ್ಚಾದ ಪೇಪರು, ಅಚ್ಚಾಗದ ದಾಖಲೆ

ಕೇಳುಗರಿಗೆ ನಮಸ್ಕಾರ.

ಒಂದು ಕಾಲಕ್ಕೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಪಿಎಚ್.ಡಿ. ಮಾಡಬೇಕೆಂದವರು ಬಹುಮಟ್ಟಿಗೆ ಕಲಬುರಗಿಯ ಕಡೆಗೋ ಧಾರವಾಡದ ಕಡೆಗೋ ಮುಖ ಮಾಡುತ್ತಿದ್ದರು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದದ್ದು 1991ರಲ್ಲಿ. ಆಮೇಲೆ ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ತೀರ ಈಚೆಗೆ ರಾಯಚೂರು ಮತ್ತು ಕೊಪ್ಪಳದ ವಿಶ್ವವಿದ್ಯಾಲಯಗಳು ಬಂದವು. ಸಂಶೋಧನೆ ಮನೆಬಾಗಿಲಿಗೆ ಬಂದದ್ದು ಸಂತೋಷವೇ. ಆದರೆ ಹೊಸ ವಿಶ್ವವಿದ್ಯಾಲಯಕ್ಕೆ ಹಳೆಯ ಹೆಸರಿನ ಆಸರೆ ಇರುವುದಿಲ್ಲವಾದ್ದರಿಂದ, ಅಲ್ಲಿಂದ ಹೊರಬರುವ ಲೇಖನವನ್ನು ಹೊರಗಿನವರು ನಂಬಬೇಕಾದರೆ ಅದು ಹೇಗೆ ತಯಾರಾಯಿತು ಎಂಬುದನ್ನು ಬಿಚ್ಚಿ ತೋರಿಸುವಂತಿರಬೇಕು. ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳ ಹೋಲಿಕೆ ತಪಾಸಣೆಯನ್ನು, ಅಂದರೆ ಅವುಗಳ ಸಾಲುಗಳು ಬೇರೆಯವರ ಬರಹದೊಡನೆ ಎಷ್ಟು ಹೊಂದುತ್ತವೆಂದು ತಂತ್ರಾಂಶದಿಂದ ಅಳೆಯುವ ಕೆಲಸವನ್ನು, ನೋಡಿಕೊಳ್ಳುವ ನನಗೆ, ಈಗ ಚಾಲ್ತಿಯಲ್ಲಿರುವ ಪರೀಕ್ಷೆಗಳೆಲ್ಲ ಅಚ್ಚಾದ ಪೇಪರನ್ನು ನೋಡುತ್ತವೆಯೇ ಹೊರತು ಅದರ ಹಿಂದಿರುವ ದಾಖಲೆಯನ್ನು ನೋಡುವುದಿಲ್ಲ ಎನ್ನಿಸಿದೆ. ಇಂದಿನ ಮಾತು ಅದನ್ನು ಕುರಿತದ್ದು.

ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ನಿಯಮಾವಳಿಯೊಂದನ್ನು ಜಾರಿಗೆ ತಂದಿತು. ಮಹಾಪ್ರಬಂಧದಲ್ಲಿ ಬೇರೆಯವರ ಬರಹದೊಡನೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ಕೊಟ್ಟ ಅವಧಿಯೊಳಗೆ ತಿದ್ದಿ ಕೊಡಬೇಕು. 40 ದಾಟಿ 60ರವರೆಗೆ ಹೋದರೆ ಒಂದು ವರ್ಷ ಪ್ರಬಂಧ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಅಧ್ಯಾಪಕರ ಪ್ರಕಟಿತ ಲೇಖನದಲ್ಲಿ ಹೋಲಿಕೆ ಶೇಕಡಾ 60 ಮೀರಿದ್ದರೆ ಎರಡು ವಾರ್ಷಿಕ ವೇತನ ಬಡ್ತಿಗಳು ಹೋಗುತ್ತವೆ, ಮೂರು ವರ್ಷ ಮಾರ್ಗದರ್ಶಕರಾಗುವಂತಿಲ್ಲ. ನಿಯಮ ಕಟ್ಟುನಿಟ್ಟಾಗಿದೆ, ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ನಾವು ಆ ಸಂಖ್ಯೆಯನ್ನು ಓದುವ ರೀತಿಯ ಬಗ್ಗೆ. ತಪಾಸಣೆಯ ವರದಿಯಲ್ಲಿ ಸಾಲುಗಳು ಬಣ್ಣಬಣ್ಣವಾಗಿ ಕಾಣುತ್ತವೆ. ಪ್ರತಿ ಬಣ್ಣಕ್ಕೂ ಒಂದು ಮೂಲದ ಹೆಸರಿರುತ್ತದೆ. ಕೊನೆಯಲ್ಲಿ ಒಟ್ಟು ಶೇಕಡಾವಾರು ಇರುತ್ತದೆ. ಸಂಶೋಧನಾರ್ಥಿ ಮೊದಲು ತೆರೆಯುವುದು ಆ ಕೊನೆಯ ಪುಟವನ್ನು. ಅನೇಕ ಸಲ ಮಾರ್ಗದರ್ಶಕರು ನೋಡುವುದೂ ಅದೊಂದನ್ನೇ. ಒಂಬತ್ತು ಬಂದಿದ್ದರೆ ಮಾತು ಮುಗಿಯಿತು. ಆ ಒಂಬತ್ತರಲ್ಲಿ ಇನ್ನೊಬ್ಬರ ಮುಖ್ಯ ನಿರ್ಣಯವೇ ಒಂದು ಪ್ಯಾರಾ ಇಡಿಯಾಗಿ ಬಂದು ಕುಳಿತಿದೆಯೇ ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತೆರಡು ಬಂದಿದ್ದರೆ ಅದರಲ್ಲಿ ಎಷ್ಟು ಭಾಗ ಪ್ರಯೋಗ ವಿಧಾನದ ಸಿದ್ಧ ಸಾಲುಗಳು ಎಂದೂ ಕೇಳುವುದಿಲ್ಲ. ಹೀಗಾಗಿ ‘ಪರ್ಸೆಂಟೇಜ್ ಇಳಿಸಿಕೊಡುವುದು’ ಎಂಬುದೇ ಒಂದು ಕಸುಬಾಗಿ ಬೆಳೆದಿದೆ. ಪದಕ್ಕೆ ಪದ ಬದಲಾಯಿಸುವ ತಂತ್ರಾಂಶಗಳು ಎಂಥ ಬರಹವನ್ನು ಹೊರಹಾಕುತ್ತವೆ ಎಂಬುದನ್ನು 2021ರಲ್ಲಿ ಗೀಯೋಮ್ ಕಬನಾಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು: ಕೃತಕ ಬುದ್ಧಿಮತ್ತೆ ಎಂದು ಇರಬೇಕಾದಲ್ಲಿ ನಕಲಿ ಪ್ರಜ್ಞೆ, ಸ್ತನ ಕ್ಯಾನ್ಸರ್ ಇರಬೇಕಾದಲ್ಲಿ ಎದೆಯ ಅಪಾಯ ಎಂಬಂಥ ಇಂಗ್ಲಿಷ್ ಪ್ರಯೋಗಗಳು ಪರಿಣತರ ಪರಿಶೀಲನೆಗೆ ಒಳಗಾದವೆಂದು ಹೇಳಿಕೊಳ್ಳುವ ಜರ್ನಲ್‌ಗಳಲ್ಲೇ ಸಿಕ್ಕಿದವು. ಹೋಲಿಕೆಯ ಶೇಕಡಾವಾರಿನ ದೃಷ್ಟಿಯಿಂದ ಅವೆಲ್ಲ ಅಪ್ಪಟ ಸ್ವಂತ ಬರಹಗಳು!

ಕನ್ನಡದಲ್ಲಿ ಬರೆದ ಮಹಾಪ್ರಬಂಧಗಳ ವಿಷಯದಲ್ಲಂತೂ ಈ ಅಳತೆ ಇನ್ನಷ್ಟು ಸಡಿಲ. ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಾದ ಪ್ರಬಂಧ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಅದನ್ನು ಯೂನಿಕೋಡಿಗೆ ಪರಿವರ್ತಿಸದೆ ತಪಾಸಣೆಗೆ ಹಾಕಿದರೆ ಹೋಲಿಕೆ ಬಹುತೇಕ ಸೊನ್ನೆ ಬರುತ್ತದೆ. ಹಾಗೆಯೇ, ಹಳೆಯ ಅಭಿನಂದನ ಗ್ರಂಥವೊಂದರಲ್ಲಿರುವ ಲೇಖನ ಗಣಕಕ್ಕೇ ಏರಿಲ್ಲದಿದ್ದರೆ ಅದರಿಂದ ಎತ್ತಿಕೊಂಡ ಪುಟಗಳನ್ನು ಯಾವ ತಂತ್ರಾಂಶವೂ ಹಿಡಿಯಲಾರದು. ಇಂಗ್ಲಿಷಿನಿಂದ ಗುಟ್ಟಾಗಿ ಅನುವಾದಿಸಿ ತುಂಬಿದ ಅಧ್ಯಾಯವೂ ಬಹುತೇಕ ಪಾರಾಗುತ್ತದೆ.

ಅಂಥದನ್ನು ಹಿಡಿಯುವವರು ವಿಷಯ ಬಲ್ಲ ಓದುಗರೇ. ಶಾಸನಗಳನ್ನು ಓದುವವರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ಪ್ರಕಟಿಸಿದವರು ಕಲ್ಲಿನ ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದರೆ, ಅದೇ ತಪ್ಪು ಮುಂದಿನವರ ಪ್ರಬಂಧದಲ್ಲೂ ಚಾಚೂ ತಪ್ಪದೆ ಕಾಣಿಸಿಕೊಂಡರೆ, ಆ ಸಂಶೋಧಕರು ಕಲ್ಲನ್ನಾಗಲಿ, ಅದರ ಮೇಲೆ ಕಾಗದವಿಟ್ಟು ತೆಗೆದ ಪಡಿಯಚ್ಚನ್ನಾಗಲಿ ನೋಡಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕ ಎಂಬ ಹೆಸರಿದೆ ಎಂಬುದು ವಿದ್ವತ್ ಲೋಕಕ್ಕೆ ದೊಡ್ಡ ಸುದ್ದಿಯಾಗಿತ್ತು. ದೇವಾನಾಂಪ್ರಿಯ ಎಂದಷ್ಟೇ ಕರೆದುಕೊಂಡ ಅರಸ ಯಾರೆಂಬುದು ಅಲ್ಲಿ ಖಚಿತವಾಯಿತು. ಅದು ಇಂದಿಗೂ ನಿಲ್ಲುವ ಮಾತಾಗಿರುವುದಕ್ಕೆ ಕಾರಣ, ಬಂಡೆ ಅಲ್ಲೇ ಇದೆ, ಸಂಶಯ ಬಂದವರು ಹೋಗಿ ಓದಬಹುದು. ಇದಕ್ಕೆ ತದ್ವಿರುದ್ಧವಾದ ಪ್ರಕರಣ 1989ರದು. ಚಂಡೀಗಢದ ಭೂವಿಜ್ಞಾನಿಯೊಬ್ಬರು ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದಲ್ಲಿ ಸಿಕ್ಕವೆಂದು ವರ್ಣಿಸಿದ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕ್ಕೊದಂಥ ದೂರದ ನಾಡುಗಳವೆಂದು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಯಲು ಮಾಡಿದರು. ಸಿಕ್ಕ ಜಾಗದ ಸರಿಯಾದ ವಿವರವನ್ನು ಆ ಲೇಖನಗಳು ಕೊಟ್ಟಿರಲಿಲ್ಲವಾದ್ದರಿಂದ ಹೋಗಿ ನೋಡಬೇಕೆಂದವರಿಗೂ ದಾರಿಯಿರಲಿಲ್ಲ. ಇಲ್ಲಿ ಕದ್ದದ್ದು ವಾಕ್ಯಗಳನ್ನಲ್ಲ. ಹೋಲಿಕೆ ತಪಾಸಣೆ ಅಂದು ಇದ್ದಿದ್ದರೂ ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ಇನ್ನು ಪ್ರಕಟಣೆಯ ಮಾತು. ಅಧ್ಯಾಪಕರ ಬಡ್ತಿಗೆ ಸಂಬಂಧಿಸಿದ 2018ರ ಯುಜಿಸಿ ನಿಯಮದಲ್ಲಿ ವಿಜ್ಞಾನ, ಕೃಷಿ, ವೈದ್ಯಕೀಯ ವಿಷಯಗಳ ಒಂದು ಪೇಪರಿಗೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನದ ಒಂದು ಪೇಪರಿಗೆ 10 ಅಂಕ. ಎಣಿಸುವುದಕ್ಕೆ ಅಂಕವಿದ್ದಲ್ಲಿ ಅದನ್ನು ಮಾರುವವರೂ ಇರುತ್ತಾರೆ. ‘ಮೂರು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ, ಪ್ರಮಾಣಪತ್ರ ಸಹಿತ’ ಎಂಬ ಧಾಟಿಯ ವಾಟ್ಸಾಪ್ ಸಂದೇಶ ತಲುಪದ ಅಧ್ಯಾಪಕರು ವಿರಳ. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸುವ ಬರಿಯ ಸಂಖ್ಯೆ, ಅದರಿಂದ ಗುಣಮಟ್ಟದ ವಿಚಾರವೇನೂ ತಿಳಿಯದು ಎಂದು ಎಷ್ಟು ಸಲ ಹೇಳಿದರೂ ಅದು ಮುದ್ರೆಯ ಹಾಗೆಯೇ ಚಲಾವಣೆಯಲ್ಲಿದೆ. ಕಳಪೆ ಜರ್ನಲ್‌ಗಳನ್ನು ಬೇರ್ಪಡಿಸಲೆಂದು 2019ರಲ್ಲಿ ಯುಜಿಸಿ ಕೇರ್ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟು, ಜರ್ನಲ್ ಒಳ್ಳೆಯದೋ ಅಲ್ಲವೋ ಎಂಬುದನ್ನು ವಿಶ್ವವಿದ್ಯಾಲಯಗಳೇ ತೀರ್ಮಾನಿಸಲಿ ಎಂದು ಸೂಚಕ ಮಾನದಂಡಗಳನ್ನಷ್ಟೇ ಕೊಟ್ಟಿತು. ಪಟ್ಟಿ ಹೋದದ್ದಕ್ಕೆ ಹಳಹಳಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಪಟ್ಟಿಯಲ್ಲಿದೆಯೇ ಎಂದು ನೋಡುವ ಅಭ್ಯಾಸದಿಂದ ಲೇಖನವನ್ನು ಓದುವ ಅಭ್ಯಾಸವೇ ತಪ್ಪಿಹೋಗಿತ್ತು. 2022ರ ಪಿಎಚ್.ಡಿ. ನಿಯಮಾವಳಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ತೆಗೆದದ್ದೂ ಒಳ್ಳೆಯದೇ ಆಯಿತು.

ಹೊರಗಿನಿಂದ ನಮ್ಮನ್ನು ಅಳೆಯುವವರೂ ಈಗ ಎಚ್ಚೆತ್ತಿದ್ದಾರೆ. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪ್ರಕಾಶಕರು ಹಿಂದಕ್ಕೆ ಪಡೆದರು. ಅವುಗಳಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನ ಸಂಸ್ಥೆಯವು. 2025ರಲ್ಲಿ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಲೋಕ್‌ಮನ್ ಮೆಹೊ ಅವರು, ಸಾವಿರ ಲೇಖನಗಳಿಗೆ ಎಷ್ಟು ವಾಪಸಾಗಿವೆ, ಜರ್ನಲ್‌ಗಳನ್ನು ಪಟ್ಟಿಮಾಡುವ ಸೂಚಿಗಳಿಂದ ಹೊರಹಾಕಲಾದ ಜರ್ನಲ್‌ಗಳಲ್ಲಿ ಎಷ್ಟು ಪಾಲು ಪ್ರಕಟವಾಗಿದೆ ಎಂಬುದನ್ನು ಲೆಕ್ಕಹಾಕಿ ವಿಶ್ವವಿದ್ಯಾಲಯಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವ ಸೂಚ್ಯಂಕವೊಂದನ್ನು ಹೊರತಂದರು. ನಮ್ಮ ರಾಷ್ಟ್ರೀಯ ಸ್ಥಾನೀಕರಣವಾದ ಎನ್‌ಐಆರ್‌ಎಫ್ ಕೂಡ ಅದೇ ವರ್ಷ ವಾಪಸಾದ ಲೇಖನಗಳಿಗೆ ಅಂಕ ಕಳೆಯುವ ಕ್ರಮಕ್ಕೆ ಕೈಹಾಕಿತು. ಪೇಪರುಗಳ ರಾಶಿಗೇ ಮಣೆ ಹಾಕುತ್ತಿದ್ದ ಕಾಲಕ್ಕಿಂತ ಇದು ಮೇಲು. ಆದರೂ ಎರಡು ಸಂಗತಿಗಳನ್ನು ಮರೆಯಬಾರದು. ವರ್ಷಕ್ಕೆ ಬೆರಳೆಣಿಕೆಯ ಲೇಖನ ಬರುವ ಚಿಕ್ಕ ವಿಶ್ವವಿದ್ಯಾಲಯದಲ್ಲಿ ಒಂದು ವಾಪಸಾತಿಯೇ ಪ್ರಮಾಣವನ್ನು ಬುಡಮೇಲು ಮಾಡಬಲ್ಲದು. ಎರಡನೆಯದು ಹೆಚ್ಚು ಗಂಭೀರ: ತನ್ನ ಲೆಕ್ಕದಲ್ಲಿ ತಪ್ಪು ಕಂಡು ಲೇಖನವನ್ನು ತಾನೇ ಹಿಂದಕ್ಕೆ ಪಡೆದ ವಿಜ್ಞಾನಿಯೂ, ಸುಳ್ಳು ಅಂಕಿ ಹೊಸೆದು ಸಿಕ್ಕಿಬಿದ್ದವರೂ ಈ ಎಣಿಕೆಯಲ್ಲಿ ಒಂದೇ ಸಾಲಿಗೆ ಬರುವ ಅಪಾಯವಿದೆ, ಎಂದೂ ಯಾವುದನ್ನೂ ಪರಿಶೀಲಿಸದ ಸಂಸ್ಥೆ ಮಾತ್ರ ನಿಷ್ಕಳಂಕವಾಗಿ ಕಾಣುತ್ತದೆ.

ಹಾಗಾದರೆ ಒಳಗಿನಿಂದ ನೋಡುವುದು ಹೇಗೆ? ಕೃಷಿಯಿಂದಲೇ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಸವಳು-ಜವಳು ನೆಲದಲ್ಲಿ ಒಬ್ಬ ಸಂಶೋಧನಾರ್ಥಿ ಭತ್ತದ ಪ್ರಯೋಗ ಮಾಡಿದ್ದಾನೆ ಎನ್ನೋಣ. ತಾಕು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಅಂದರೆ 20 ಚದರ ಮೀಟರ್; ಹೆಕ್ಟೇರಿಗೆ ಪರಿವರ್ತಿಸಲು ತೂಕವನ್ನು 500ರಿಂದ ಗುಣಿಸಬೇಕು. ಕಣದಲ್ಲಿದ್ದ ತಕ್ಕಡಿ 100 ಗ್ರಾಂಗಿಂತ ಸೂಕ್ಷ್ಮವಾಗಿ ತೂಗುವುದಿಲ್ಲವಾದರೆ ಒಂದು ತಾಕಿನ ಇಳುವರಿ ಹೆಕ್ಟೇರಿಗೆ 50 ಕಿಲೋಗಳ ಹೆಜ್ಜೆಯಲ್ಲೇ ಏರಬೇಕು, ಇಳಿಯಬೇಕು. ಮೂರು ತಾಕುಗಳ ಸರಾಸರಿ ತೆಗೆದರೆ 6,200, 6,217, 6,233, 6,250 ಎಂಬಂಥ ಸಂಖ್ಯೆಗಳು ಬರುತ್ತವೆ. ಪ್ರಬಂಧದ ಕೋಷ್ಟಕದಲ್ಲಿ 6,224 ಎಂದಿದ್ದರೆ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಬೇಕಾಗುತ್ತದೆ. ಕೇಳಿದ ಮಾತ್ರಕ್ಕೆ ಆರೋಪ ಹೊರಿಸಿದಂತಲ್ಲ. ಕಾಳಿನ ತೇವಾಂಶವನ್ನು ಲೆಕ್ಕಕ್ಕೆ ಹಿಡಿದು ತೂಕವನ್ನು ತಿದ್ದಿರಬಹುದು. ಹಾಗಿದ್ದರೆ ಪ್ರತಿ ತಾಕಿನ ತೇವಾಂಶ ಕ್ಷೇತ್ರ ಪುಸ್ತಕದಲ್ಲಿ ಬರೆದಿರಬೇಕು. ಪುಸ್ತಕ ತೆರೆದರೆ ಐದು ನಿಮಿಷದಲ್ಲಿ ಪ್ರಶ್ನೆ ಬಗೆಹರಿಯುತ್ತದೆ. ಬೆವರಿಗೆ ಮಸುಕಾದ ಪೆನ್ಸಿಲ್ ಗುರುತು, ಹೊಡೆದುಹಾಕಿ ಪಕ್ಕದಲ್ಲಿ ಬರೆದ ಅಂಕಿ, ಮಳೆಯಿಂದ ಕೊಯ್ಲು ಎರಡು ದಿನ ತಡವಾಯಿತೆಂಬ ಟಿಪ್ಪಣಿ ಇವೆಲ್ಲ ಇರುವ ಪುಸ್ತಕ ನಂಬಿಕೆ ಹುಟ್ಟಿಸುತ್ತದೆ. ಒಂದೇ ಶಾಯಿಯಲ್ಲಿ, ಒಂದೇ ಕೂರಿಕೆಯಲ್ಲಿ, ಒಂದೂ ಕಾಟಿಲ್ಲದೆ ಬರೆದ ಪುಸ್ತಕವನ್ನು ನಾನಾದರೆ ಇನ್ನೊಮ್ಮೆ ತಿರುವಿ ನೋಡುತ್ತೇನೆ. ಇಳುವರಿಯ ಆ ಸಂಖ್ಯೆ ಮುಂದೆ ಶಿಫಾರಸಾಗಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತದೆ. ಅದನ್ನು ನಂಬಿ ಬೀಜಗೊಬ್ಬರಕ್ಕೆ ಸಾಲ ಮಾಡುವವರಿರುತ್ತಾರೆ.

ಆದ್ದರಿಂದ ವಿಶ್ವವಿದ್ಯಾಲಯವೊಂದು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕಾದರೆ, ಪ್ರತಿ ವರ್ಷ ಸಲ್ಲಿಕೆಯಾದ ಮಹಾಪ್ರಬಂಧಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಿ, ಅವುಗಳ ಮೂಲ ದಾಖಲೆಯನ್ನು ತರಿಸಿ ನೋಡುವುದು ನನ್ನ ಮೊದಲ ಸಲಹೆ: ಕ್ಷೇತ್ರ ಪುಸ್ತಕ, ಭರ್ತಿ ಮಾಡಿದ ಪ್ರಶ್ನಾವಳಿ, ಪ್ರಯೋಗಾಲಯದ ಯಂತ್ರದಿಂದ ಬಂದ ಮೂಲ ಕಡತ, ಶಾಸನದ ಪಡಿಯಚ್ಚು, ಜನಪದ ಗಾಯಕರ ಧ್ವನಿಮುದ್ರಣ, ಯಾವುದಾದರೂ ಸರಿ. ಪದವಿ ಸಿಕ್ಕ ಮೇಲೆ ಇವೆಲ್ಲ ಸಂಶೋಧನಾರ್ಥಿಯ ಮನೆಯ ಅಟ್ಟ ಸೇರುವ ಬದಲು, ಮಾಹಿತಿ ಕೊಟ್ಟವರ ಗೋಪ್ಯ ಕಾಪಾಡಿಕೊಂಡು, ಒಂದು ಪ್ರತಿ ಗ್ರಂಥಾಲಯಕ್ಕೆ ಬರಬೇಕು. ಮಹಾಪ್ರಬಂಧವನ್ನು ಶೋಧಗಂಗಾ ಎಂಬ ಅಂತರ್ಜಾಲ ಭಂಡಾರಕ್ಕೆ ಏರಿಸುವ ವ್ಯವಸ್ಥೆ ಹೇಗೂ ಇದೆ. ದಾಖಲೆಗೆ ಒಂದು ಕಪಾಟೋ ಒಂದು ಗಣಕವೋ ಒದಗಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ಹೆಚ್ಚು ಕಷ್ಟವಾದದ್ದು ದೂರಿನ ವ್ಯವಸ್ಥೆ. 2018ರ ನಿಯಮದಂತೆ ಕೃತಿಚೌರ್ಯದ ದೂರು ಮೊದಲು ವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ. ಅದು 45 ದಿನಗಳಲ್ಲಿ ವರದಿ ಕೊಡಬೇಕು, ಆಮೇಲೆ ಸಂಸ್ಥೆಯ ಮಟ್ಟದ ಸಮಿತಿಗೆ ಇನ್ನು 45 ದಿನಗಳಿವೆ. ವಿಭಾಗ ಸಮಿತಿಯ ಅಧ್ಯಕ್ಷರು ವಿಭಾಗದ ಮುಖ್ಯಸ್ಥರೇ. ಚಿಕ್ಕ ವಿಭಾಗಗಳಲ್ಲಿ ಮುಖ್ಯಸ್ಥರೇ ಮಾರ್ಗದರ್ಶಕರೂ ಆಗಿರುವುದು ಸಾಮಾನ್ಯ. ದೂರಿಗೆ ಒಳಗಾದ ಸದಸ್ಯರು ಸಭೆಯಿಂದ ಹೊರಗುಳಿಯಬೇಕೆಂದು ನಿಯಮ ಹೇಳುತ್ತದೆ ನಿಜ. ಆದರೆ ತನ್ನ ಪ್ರಗತಿ ವರದಿಗೆ, ಶಿಷ್ಯವೇತನದ ಬಿಲ್ಲಿಗೆ ಆರು ತಿಂಗಳಿಗೊಮ್ಮೆ ಗೈಡ್ ಸಹಿಗಾಗಿ ಕಾಯಬೇಕಾದ ವಿದ್ಯಾರ್ಥಿನಿ, ಆ ಗೈಡ್ ತನ್ನ ಅಧ್ಯಾಯವನ್ನೇ ತಮ್ಮ ಹೆಸರಿನಲ್ಲಿ ಪ್ರಕಟಿಸಿದರೆಂದು ಅದೇ ಕಾರಿಡಾರಿನ ಸಮಿತಿಗೆ ಬರೆದು ಕೊಡುವಳೆಂದು ನಿರೀಕ್ಷಿಸುವುದು ವ್ಯವಹಾರ ಬಲ್ಲವರ ಮಾತಲ್ಲ. ಮೇಲಾಗಿ ಆ ನಿಯಮದ ದಂಡನೆಗಳೆಲ್ಲ ಕೃತಿಚೌರ್ಯಕ್ಕೆ ಸಂಬಂಧಿಸಿದವು; ಅಂಕಿಅಂಶ ಹೊಸೆದವರಿಗೆ, ದುಡಿಯದ ಲೇಖನಕ್ಕೆ ಹೆಸರು ಸೇರಿಸಿಕೊಂಡವರಿಗೆ ಏನು ಶಿಕ್ಷೆ ಎಂಬುದನ್ನು ವಿಶ್ವವಿದ್ಯಾಲಯವೇ ತನ್ನ ಪರಿನಿಯಮದಲ್ಲಿ ಬರೆದುಕೊಳ್ಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಪಕ್ಕಪಕ್ಕದ ಜಿಲ್ಲೆಗಳು. ಇಲ್ಲಿನ ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡು, ಒಂದರ ದೂರನ್ನು ಮತ್ತೊಂದರ ಅಧ್ಯಾಪಕರು ವಿಚಾರಿಸುವ ಏರ್ಪಾಡು ಮಾಡಿಕೊಂಡರೆ ದೂರು ಕೊಡುವವರಿಗೂ ಧೈರ್ಯ ಬರುತ್ತದೆ, ಸುಳ್ಳು ದೂರಿಗೆ ಗುರಿಯಾದ ಅಧ್ಯಾಪಕರಿಗೂ ಹೊರಗಿನವರ ತೀರ್ಮಾನದ ಬಲ ಸಿಗುತ್ತದೆ. ವಿಚಾರಣೆ ಮುಗಿದ ಮೇಲೆ, ಹೆಸರುಗಳನ್ನು ಬಿಟ್ಟು, ಆ ವರ್ಷ ಎಷ್ಟು ದೂರು ಬಂದವು, ಎಷ್ಟು ಸಾಬೀತಾದವು, ಎಷ್ಟು ಲೇಖನಗಳನ್ನು ವಾಪಸು ಪಡೆಯಲಾಯಿತು ಎಂಬುದನ್ನು ವಾರ್ಷಿಕ ವರದಿಯಲ್ಲಿ, ಪ್ರಕಟಣೆಗಳ ಪಟ್ಟಿಯ ಪಕ್ಕದಲ್ಲೇ ಅಚ್ಚು ಹಾಕಬೇಕು.

ನಮಸ್ಕಾರ.