ಕಿಂಗ್ ಕ್ರ್ಯಾಬನ್ನು ಮಗುಚಿ ನೋಡಿ

ಅಲಾಸ್ಕಾದ ಕಡೆಯ ಒಂದು ಕೆಂಪು ಕಿಂಗ್ ಕ್ರ್ಯಾಬ್, ಹೆಣ್ಣು. ಅದನ್ನು ಮಗುಚಿ ಹೊಟ್ಟೆ ನೋಡಿ. ನಮ್ಮ ಮೀನು ಮಾರುಕಟ್ಟೆಯ ಏಡಿಗಾದರೆ ಹೊಟ್ಟೆಯ ಮಡಿಕೆ ಎಡಕ್ಕೂ ಬಲಕ್ಕೂ ಒಂದೇ ಅಳತೆ. ಇಲ್ಲಿ ಹಾಗಿಲ್ಲ. ಎಡಗಡೆಯ ಫಲಕಗಳು ದೊಡ್ಡವು, ಬಲಗಡೆಯವು ಸಣ್ಣವು, ಇಡೀ ಮಡಿಕೆ ಬಲಕ್ಕೆ ಸೊಟ್ಟಗಾಗಿದೆ. ಮಡಿಕೆ ಎತ್ತಿದರೆ ಮೊಟ್ಟೆ ಹೊರುವ ಕಿರುಗಾಲುಗಳ ಸಾಲು ಎಡಕ್ಕೆ ಮಾತ್ರ ಇದೆ, ಬಲಕ್ಕೆ ಅದರ ಜೋಡಿ ಸಾಲಿಲ್ಲ. ಕಾಲು ಚಾಚಿದರೆ ಒಂದೂವರೆ ಮೀಟರ್ ದಾಟಬಲ್ಲ, ಶಂಖದೊಳಗೆ ಎಂದೂ ಕಾಲಿಡದ ಈ ಪ್ರಾಣಿಗೆ ಸೊಟ್ಟ ಹೊಟ್ಟೆ ಯಾಕೆ ಬಂತು?

ಶಂಖ ಹೊತ್ತು ತಿರುಗುವ ಸನ್ಯಾಸಿ ಏಡಿಯನ್ನು, ಅಂದರೆ ಹರ್ಮಿಟ್ ಕ್ರ್ಯಾಬನ್ನು ಪಕ್ಕದಲ್ಲಿಟ್ಟರೆ ಉತ್ತರ ಕಣ್ಣಿಗೇ ಕಾಣುತ್ತದೆ. ಅದರ ಹೊಟ್ಟೆ ಮೆತ್ತಗೆ, ಗಟ್ಟಿ ಕವಚವಿಲ್ಲ, ಬಲಕ್ಕೆ ಸುರುಳಿ ಸುತ್ತಿದೆ. ಸಮುದ್ರದ ಶಂಖಗಳಲ್ಲಿ ಬಹುಪಾಲು ಬಲಕ್ಕೆ ಸುತ್ತಿದವೇ ಆದ್ದರಿಂದ ಒಳಗೆ ಸೇರುವ ಮೈಯೂ ಅದೇ ದಿಕ್ಕು ಹಿಡಿದಿದೆ. ಬಾಲದ ತುದಿಯಲ್ಲಿ ಎರಡು ಕೊಕ್ಕೆಗಳಿವೆ, ಎಡಗಡೆಯದು ದೊಡ್ಡದು. ಶಂಖದ ನಡುಗಂಬವನ್ನು ಅವುಗಳಿಂದಲೇ ಬಿಗಿಹಿಡಿಯುತ್ತದೆ. ಶಂಖದ ಗೋಡೆಗೆ ಒತ್ತುವ ಬಲಬದಿಯಲ್ಲಿ ಕಿರುಗಾಲುಗಳು ಇಲ್ಲವಾಗಿವೆ. ನಾಲ್ಕನೆಯ, ಐದನೆಯ ಜೋಡಿ ಕಾಲುಗಳು ಕುಗ್ಗಿ, ಚಿಪ್ಪಿನ ಒಳಗೋಡೆಗೆ ಆನಿಕೊಳ್ಳುವ ಊರುಗಾಲಾಗಿವೆ. ಕಿಂಗ್ ಕ್ರ್ಯಾಬ್ ಶಂಖ ಬಿಟ್ಟಿದೆ. ಶಂಖ ತಿದ್ದಿದ ಮೈಯನ್ನು ಬಿಟ್ಟಿಲ್ಲ.

1992ರಲ್ಲಿ ಕನಿಂಗ್‌ಹ್ಯಾಮ್, ಬ್ಲ್ಯಾಕ್‌ಸ್ಟೋನ್, ಬಸ್ ಎಂಬ ಮೂವರು ವಿಜ್ಞಾನಿಗಳು ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎ ಹೋಲಿಸಿ ನೋಡಿದಾಗ ಕಿಂಗ್ ಕ್ರ್ಯಾಬ್‌ಗಳು ಸನ್ಯಾಸಿ ಏಡಿಗಳ ಪಕ್ಕದಲ್ಲಲ್ಲ, ಅವುಗಳ ಒಳಗೇ, ಪಗೂರಸ್ ಎಂಬ ಕುಲದ ನಡುವೆ ಬಂದು ಕೂತವು. ಎಲ್ಲರೂ ಒಪ್ಪಲಿಲ್ಲ. ಮೆಕ್ಲಾಫ್ಲಿನ್ ಮತ್ತು ಲೆಮೇಟ್ರ್ 1997ರಲ್ಲಿ ಮೈಕಟ್ಟಿನ ಆಧಾರದ ಮೇಲೆ ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು: ಗಟ್ಟಿ ಫಲಕಗಳಿಲ್ಲದ ಮೆತ್ತನೆ ಹೊಟ್ಟೆಯಿಂದ ಮತ್ತೆ ಕವಚದ ಹೊಟ್ಟೆ ಹುಟ್ಟುವುದು ಹೇಗೆ? ಸಣ್ಣ ಪ್ರಶ್ನೆಯಲ್ಲ ಅದು. ಆದರೆ 2011ರಲ್ಲಿ ತ್ಸಾಂಗ್ ಮತ್ತು ಜೊತೆಗಾರರು ಹೆಚ್ಚು ಜೀನ್‌ಗಳನ್ನು ಹಿಡಿದು ನೋಡಿದಾಗಲೂ ದಾರಿ ಅದೇ ಆಗಿತ್ತು, ಸನ್ಯಾಸಿಯಿಂದ ಕಿಂಗ್ ಕಡೆಗೆ.

ಈಗ ನನ್ನ ತಕರಾರಿಗೆ ಬರುತ್ತೇನೆ. "ಪ್ರಕೃತಿಯಲ್ಲಿ ಎಲ್ಲವೂ ಕೊನೆಗೆ ಏಡಿಯೇ ಆಗುತ್ತದೆ" ಎಂಬ ಮಾತು ಇಂಟರ್ನೆಟ್ ತುಂಬ ಓಡಾಡುತ್ತಿದೆ. ಏಡಿಯಲ್ಲದ್ದು ಏಡಿಯ ಆಕಾರ ತಾಳುವುದಕ್ಕೆ 1916ರಲ್ಲಿ ಬೊರಾಡೇಲ್ ಎಂಬ ಪ್ರಾಣಿಶಾಸ್ತ್ರಜ್ಞ ಕಾರ್ಸಿನೈಸೇಶನ್ ಎಂದು ಹೆಸರಿಟ್ಟದ್ದು ನಿಜ. ಆದರೆ ಅದು ನಡೆದಿರುವುದು ಹತ್ತು ಕಾಲಿನ ಕಠಿಣಚರ್ಮಿಗಳಲ್ಲಿ, ಅದರಲ್ಲೂ ಅಕ್ಕಪಕ್ಕದ ಎರಡು ಶಾಖೆಗಳಲ್ಲಿ ಮಾತ್ರ. ಒಂದು ಬ್ರಾಕಿಯೂರಾ, ನಿಜವಾದ ಏಡಿಗಳು. ಇನ್ನೊಂದು ಅನೊಮುರಾ, ಸನ್ಯಾಸಿ ಏಡಿ, ಕಿಂಗ್ ಕ್ರ್ಯಾಬ್, ಪೋರ್ಸಲೇನ್ ಏಡಿ, ಅಲೆ ಹಿಂದೆ ಸರಿದಾಗ ಮರಳಿಗೆ ಹೂತುಕೊಳ್ಳುವ ಮೋಲ್ ಏಡಿ ಎಲ್ಲ ಇದರಲ್ಲೇ. ಹತ್ತಿರದ ಬಂಧುಗಳ ಮೈಕಟ್ಟು ಮೊದಲೇ ಒಂದೇ ಬಗೆಯದು, ಹೀಗಾಗಿ ಬಾಲ ಮಡಚಿ ಬೆನ್ನು ಅಗಲವಾಗುವ ಬದಲಾವಣೆ ಮತ್ತೆ ಮತ್ತೆ ಆಗಿದೆ. ನಿಜವಾದ ಏಡಿಗಳಲ್ಲೇ ಕಪ್ಪೆ ಏಡಿಗಳೆಂಬ ಗುಂಪು ಇದರ ಉಲ್ಟಾ ನಡೆದು ಉದ್ದನೆ ಮೈ ಪಡೆದಿದೆ. ಅದನ್ನೇಕೆ ಯಾರೂ ಹೇಳುವುದಿಲ್ಲ?

ಗುರುತಿಸುವುದು ಕಷ್ಟವೇನಲ್ಲ. ಇಕ್ಕಳ ಬಿಟ್ಟು ನಡೆಯುವ ಕಾಲು ಎಣಿಸಿ. ನಾಲ್ಕು ಜೋಡಿ ಇದ್ದರೆ ನಿಜವಾದ ಏಡಿ. ಮೂರೇ ಜೋಡಿ ಇದ್ದರೆ ಕಿಂಗ್ ಅಥವಾ ಪೋರ್ಸಲೇನ್ ಏಡಿ. ಇಕ್ಕಳವನ್ನೂ ಸೇರಿಸಿ ಎಣಿಸಿದರೆ ಐದನೆಯದಾಗುವ ಪುಟ್ಟ ಜೋಡಿ ಬೆನ್ನ ಚಿಪ್ಪಿನಡಿ ಅಡಗಿರುತ್ತದೆ. ಶಂಖದಿಂದ ಎರಡೇ ಜೋಡಿ ಹೊರಗೆ ಬಂದರೆ ಸನ್ಯಾಸಿ. ಆದರೆ ಎಣಿಕೆಯನ್ನಷ್ಟೇ ನಂಬಿದರೆ ಸ್ಪಂಜು ಏಡಿಯಲ್ಲಿ ಎಡವುತ್ತೀರಿ. ಅದರ ಕೊನೆಯ ಎರಡು ಜೋಡಿ ಕಾಲು ಚಿಕ್ಕವು, ಬೆನ್ನ ಮೇಲಿನ ಸ್ಪಂಜನ್ನು ಹಿಡಿದಿರುತ್ತವೆ, ಸುಲಭಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಅದು ನಿಜವಾದ ಏಡಿಯೇ. ಅದಕ್ಕೇ ಮೀಸೆಯನ್ನೂ ನೋಡಬೇಕು. ಅನೊಮುರಾದಲ್ಲಿ ಉದ್ದನೆ ಮೀಸೆ ಕಣ್ಣುಗಳ ಹೊರಬದಿಯಲ್ಲಿ, ನಿಜವಾದ ಏಡಿಯಲ್ಲಿ ಗಿಡ್ಡ ಮೀಸೆ ಕಣ್ಣುಗಳ ನಡುವೆ.

ಇನ್ನು ಇಕ್ಕಳ. ಪಗೂರಿಡೇ ಕುಟುಂಬದ ಸನ್ಯಾಸಿಗಳಿಗೆ ಸಾಮಾನ್ಯವಾಗಿ ಬಲ ಇಕ್ಕಳ ದೊಡ್ಡದು, ಕಿಂಗ್ ಕ್ರ್ಯಾಬ್‌ಗೂ ಬಲವೇ. ನಮ್ಮ ಕರಾವಳಿಯ ಮರಳಲ್ಲಿ ಸಿಗುವ ಡಯೋಜನೀಸ್ ಎಂಬ ಕುಲದ ಸನ್ಯಾಸಿ ಏಡಿಗೆ ಎಡ ಇಕ್ಕಳ ದೊಡ್ಡದು, ಅದರ ಕುಟುಂಬವೇ ಬೇರೆ. ಅಂಡಮಾನ್ ನಿಕೋಬಾರಿನಲ್ಲೂ ಇರುವ ತೆಂಗಿನ ಏಡಿಗೂ ಎಡವೇ ದೊಡ್ಡದು. ಅದು ನಾಲ್ಕು ಕಿಲೋವರೆಗೆ ತೂಗುವ, ನೆಲದ ಮೇಲೆ ಬದುಕುವ ಸನ್ಯಾಸಿ. ಮರಿಯಾಗಿದ್ದಾಗ ಶಂಖ ಹೊರುತ್ತದೆ, ಬೆಳೆದ ಮೇಲೆ ಬಿಟ್ಟು ಹೊಟ್ಟೆಯ ಮೇಲ್ಭಾಗವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಅಂದರೆ ಶಂಖ ಬಿಡುವ ಕೆಲಸ ಎಡದ ಮನೆಯಲ್ಲೂ ಬಲದ ಮನೆಯಲ್ಲೂ ಬೇರೆ ಬೇರೆಯಾಗಿ ನಡೆದಿದೆ. ಶಂಖದ ಅಳತೆಯೇ ಬೆಳವಣಿಗೆಗೆ ಮಿತಿ. ಇವೆರಡೂ ಆ ಮಿತಿಯಿಂದ ಹೊರಬಂದು ದೈತ್ಯವಾದವು.

ಇಷ್ಟೆಲ್ಲ ಗೊತ್ತಿದ್ದೂ ವರ್ಗೀಕರಣದ ಪಟ್ಟಿಯಲ್ಲಿ ಕಿಂಗ್ ಕ್ರ್ಯಾಬ್‌ಗಳಿಗೆ ಲಿಥೊಡಾಯ್ಡಿಯಾ ಎಂಬ ಪ್ರತ್ಯೇಕ ಮಹಾಕುಟುಂಬ ಕೊಟ್ಟು ಇಟ್ಟಿದ್ದಾರೆ, ಸನ್ಯಾಸಿಗಳ ಪಗೂರಾಯ್ಡಿಯಾದಿಂದ ಆಚೆ. ಇದು ಮೊಮ್ಮಗನನ್ನು ವಂಶವೃಕ್ಷದಿಂದ ಕಿತ್ತು ಬೇರೆ ಮನೆತನದ ಹೆಸರಿಟ್ಟ ಹಾಗೆ. ಒಂದು ಪೂರ್ವಜದ ಎಲ್ಲ ಸಂತತಿಯೂ ಒಂದೇ ಗುಂಪಿನಲ್ಲಿರಬೇಕು ಎಂಬ ನಿಯಮವನ್ನು ಹಕ್ಕಿಗಳಿಗೆ ಹಚ್ಚಿ ಅವನ್ನು ಡೈನೊಸಾರ್ ಎಂದು ಒಪ್ಪಿದ್ದೇವೆ. ಕಿಂಗ್ ಕ್ರ್ಯಾಬನ್ನೂ ಪಗೂರಾಯ್ಡಿಯಾದೊಳಗೆ ಸೇರಿಸಬೇಕು, ಲಿಥೊಡಿಡೇ ಎಂಬ ಕುಟುಂಬದ ಹೆಸರನ್ನು ಅಲ್ಲೇ ಒಂದು ಕೊಂಬೆಯಾಗಿ ಉಳಿಸಿಕೊಳ್ಳಬಹುದು. ಪಗೂರಿಡೇ ಕುಟುಂಬವನ್ನು ಆಗ ಒಡೆದು ಮರುಹಂಚಬೇಕಾಗುತ್ತದೆ. ನೂರಾರು ಪ್ರಭೇದಗಳ ಕೆಲಸ ಅದು. ಪಗೂರಸ್ ಕುಲದಿಂದಲೇ ಶುರುಮಾಡಬೇಕು, ಗಂಟು ಇರುವುದು ಅಲ್ಲೇ.