ರೀಬಿಲ್ಟ್ ಅಂತೀರಲ್ಲ, ಏನೇನು ಬಿಚ್ಚಿದ್ರಿ ಹೇಳಿ

ನಮಸ್ಕಾರ. ಅಮೆರಿಕದಲ್ಲಿರೋ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ನೆಲದ ತುಂಬಾ ಕಾರ್ಪೆಟ್. ಒಳ್ಳೆ ವ್ಯಾಕ್ಯೂಮ್ ಕ್ಲೀನರ್ ಇಲ್ಲದೆ ಅಲ್ಲಿ ದಿನ ಸಾಗಲ್ಲ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಮೆಷಿನ್ ಬೇಗ ಕೈಕೊಡುತ್ತೆ. ಆಮೇಲೆ ಇಬೇಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲೋ ಹುಡುಕಿದ್ರೆ ಫಳಫಳ ಅನ್ನೋ ಹಳೇ ಕರ್ಬಿ ವ್ಯಾಕ್ಯೂಮ್ ಕಣ್ಣಿಗೆ ಬೀಳುತ್ತೆ, ಪಕ್ಕದಲ್ಲೇ "ರೀಬಿಲ್ಟ್", ಅಂದ್ರೆ ಬಿಚ್ಚಿ ಸರಿಮಾಡಿ ಮತ್ತೆ ಜೋಡಿಸಿದ್ದು, ಅಂತ ಬರೆದಿರ್ತಾರೆ. ಆ ಹೊಳಪಿಗೆ ದುಡ್ಡು ಕೊಡಬೇಡಿ ಅಂತ ಹೇಳೋಕೇ ಇವತ್ತಿನ ಈ ವಿಡಿಯೋ. ಮೋಟಾರ್ ಬಿಚ್ಚಿ ಕೆಲಸ ಮಾಡಿದ್ದಾರಾ, ಅದಕ್ಕೆ ಕೊಡಿ. ಧಾರಾಳವಾಗಿ ಕೊಡಿ.

ಈ ಹಳೇ ಮೆಷಿನ್‌ಗಳಿಗೆ ಮಾರುಕಟ್ಟೆ ಸುಮ್ಮನೆ ಹುಟ್ಟಿದ್ದಲ್ಲ. ಓಹಾಯೋದ ಕ್ಲೀವ್‌ಲ್ಯಾಂಡಿನ ಕರ್ಬಿ ಕಂಪನಿ ತನ್ನ ಮೆಷಿನ್ನನ್ನ ಮನೆಬಾಗಿಲಿಗೆ ಹೋಗಿ ಮಾರ್ತಿತ್ತು. ಹೊಸದಕ್ಕೆ 1,000 ಡಾಲರಿಗೂ ಮೇಲೆ ಬೆಲೆ. ಅಷ್ಟು ಕೊಟ್ಟವರು ಬಿಸಾಡಲ್ಲ, ಜೋಪಾನ ಮಾಡ್ತಾರೆ. ಮುಂದೆ ಆ ಮನೆ ಖಾಲಿ ಮಾಡುವಾಗ ಅದು ತೀರಾ ಕಡಿಮೆ ಬೆಲೆಗೆ ಹೊರಗೆ ಬರುತ್ತೆ. ಮೈ ಅಲ್ಯೂಮಿನಿಯಂದು, ಕೂರಿಸಿರೋದು ಸ್ಕ್ರೂನಲ್ಲಿ. ಬೆಲ್ಟು, ಬ್ಯಾಗು ಇವತ್ತಿಗೂ ಸಿಗುತ್ತೆ. ಇಂಥದ್ದನ್ನ ರಿಪೇರಿ ಮಾಡಿ ಮತ್ತೆ ಓಡಿಸೋದು ನಿಜಕ್ಕೂ ಒಳ್ಳೇ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದ್ರೆ ಅಲ್ಯೂಮಿನಿಯಂ ಮಂಕಾಗಿದ್ರೆ ಅದಕ್ಕೆ ಹೊಳಪು ಬರಿಸೋದು ಕಷ್ಟವೇನಲ್ಲ. ಮರಳು ಕಾಗದದಲ್ಲಿ ಉಜ್ಜಿ, ಬಫಿಂಗ್ ವೀಲ್ ಅನ್ನೋ ತಿರುಗೋ ಬಟ್ಟೆ ಚಕ್ರಕ್ಕೆ ಪಾಲಿಶ್ ಹಚ್ಚಿ ಹಿಡಿದ್ರೆ ಕ್ರೋಮ್ ಹಾಕಿದಂಗೆ ಕಾಣುತ್ತೆ. ಫೋಟೋದಲ್ಲಿ ಕಾಣೋದು ಅದೊಂದೇ. ಮೋಟಾರಿನ ಒಳಗೆ ಏನಾಗಿದೆ ಅಂತ ಯಾವ ಫೋಟೋನೂ ಹೇಳಲ್ಲ.

ಒಳಗೆ ಇರೋದು ಯೂನಿವರ್ಸಲ್ ಮೋಟಾರು. ನಮ್ಮನೆ ಮಿಕ್ಸಿಲಿ ಇರೋದೂ ಅದೇ ಜಾತಿ. ಮಿಕ್ಸಿ ರಿಪೇರಿಯವರು "ಕಾರ್ಬನ್ ಹೋಗಿದೆ" ಅಂತಾರಲ್ಲ, ಆ ಕಾರ್ಬನ್ ಬ್ರಷ್ ಇಲ್ಲೂ ಇದೆ. ತಿರುಗೋ ತಾಮ್ರದ ಕಮ್ಯುಟೇಟರ್ ಮೇಲೆ ಎರಡೂ ಕಡೆಯಿಂದ ಸ್ಪ್ರಿಂಗ್ ಒತ್ತಡದಲ್ಲಿ ಕೂತು ಕರೆಂಟ್ ಹಾಯಿಸುತ್ತೆ, ಹಾಯಿಸ್ತಾ ಹಾಯಿಸ್ತಾ ತಾನೇ ಸವೆಯುತ್ತೆ. ತೀರಾ ಗಿಡ್ಡ ಆದ್ರೆ ಕಿಡಿ ಜಾಸ್ತಿ, ಕಮ್ಯುಟೇಟರ್ ಕಪ್ಪಾಗುತ್ತೆ, ಆಮೇಲೆ ಆರ್ಮೇಚರೇ, ಅಂದ್ರೆ ಮೋಟಾರಿನ ತಿರುಗೋ ಭಾಗವೇ, ಹೋಗುತ್ತೆ. ಸಕಾಲಕ್ಕೆ ಬ್ರಷ್ ಮತ್ತು ಬೇರಿಂಗ್ ಬದಲಾಯಿಸಿದ್ರೆ ಅದೇ ಮೋಟಾರು ಇನ್ನೂ ಎಷ್ಟೋ ವರ್ಷ ದುಡಿಯುತ್ತೆ.

ಕರ್ಬಿಯಲ್ಲಿ ಇನ್ನೊಂದು ವಿಷಯ ನೋಡ್ಲೇಬೇಕು. ಅದರಲ್ಲಿ ಕಸ ಫ್ಯಾನಿನ ಮೂಲಕವೇ ಹಾದು ಬ್ಯಾಗಿಗೆ ಹೋಗುತ್ತೆ. ಕಲ್ಲಿನ ಚೂರೋ ನಾಣ್ಯವೋ ಒಳಗೆ ಹೋದ್ರೆ ಏಟು ಬೀಳೋದು ಫ್ಯಾನಿಗೆ. ಪ್ಲಗ್ ತೆಗೆದು, ಮುಂದಿನ ನಾಜಲ್ ಕಳಚಿ, ಟಾರ್ಚ್ ಹಾಕಿ ನೋಡಿ. ರೆಕ್ಕೆಯ ಅಂಚು ಚಕ್ಕೆ ಎದ್ದಿದ್ರೆ ಫ್ಯಾನಿನ ತೂಕ ಒಂದು ಕಡೆಗೆ ವಾಲಿರುತ್ತೆ, ಓಡುವಾಗ ಆ ನಡುಕ ನೇರ ಬೇರಿಂಗಿಗೆ ಬಡಿಯುತ್ತೆ. ಫ್ಯಾನನ್ನ ಬೆರಳಲ್ಲಿ ಮೆಲ್ಲಗೆ ತಿರುಗಿಸಿ ಕಿವಿಗೊಡಿ. ಗರಗರ ಅಂದ್ರೆ ಬೇರಿಂಗ್ ಮುಟ್ಟೇ ಇಲ್ಲ ಅಂತ ಅರ್ಥ, ಮೇಲೆ ಎಷ್ಟೇ ಹೊಳೆಯಲಿ. ವೈರನ್ನೂ ಬಗ್ಗಿಸಿ ನೋಡಿ, ರಬ್ಬರ್ ಬಿರುಕು ಬಿಟ್ಟಿದ್ರೆ ಅದನ್ನ ಮನೆಗೆ ತರಲೇಬೇಡಿ.

ಕಾರಿನ ಬಿಡಿಭಾಗಗಳ ವಿಷಯದಲ್ಲಿ ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ಮಾರ್ಗಸೂಚಿ ಇಟ್ಟಿದೆ. ರೀಬಿಲ್ಟ್ ಅಂತ ಮಾರಬೇಕಾದ್ರೆ ಅಗತ್ಯ ಇದ್ದಷ್ಟು ಬಿಚ್ಚಿರಬೇಕು, ಒಳಗೂ ಹೊರಗೂ ತುಕ್ಕು ತೆಗೆದು ತೊಳೆದಿರಬೇಕು, ಸವೆದ ಭಾಗ ಸರಿಮಾಡಿರಬೇಕು ಇಲ್ಲಾ ಬದಲಾಯಿಸಿರಬೇಕು, ಬೇಕಿದ್ರೆ ವೈಂಡಿಂಗ್, ಅಂದ್ರೆ ತಂತಿಯ ಸುತ್ತು ಕೂಡ ಹೊಸದಾಗಿ ಸುತ್ತಿರಬೇಕು. ಅದು ವಾಹನದ ಭಾಗಗಳಿಗೆ ಅಂತ ಬರೆದದ್ದು. ವ್ಯಾಕ್ಯೂಮ್ ಮಾರೋರಿಗೂ ಅದೇ ಅಳತೆ ಇರಲಿ ಅನ್ನೋದು ನನ್ನ ವಾದ. ಕಾರ್ಬನ್ ಹೊಸದಾ, ಬೇರಿಂಗ್ ಹೊಸದಾ, ಫ್ಯಾನ್ ಯಾವುದು, ವೈರ್ ಯಾವುದು, ಒಂದು ಚೀಟೀಲಿ ಬರೆದುಕೊಡಲಿ. ಬರೆದುಕೊಡೋಕೆ ಹಿಂದೆಮುಂದೆ ನೋಡೋರ ಹತ್ರ ನಾನಾದ್ರೆ ಕೊಳ್ಳಲ್ಲ.

ಹಳೇದೆಲ್ಲ ಗಟ್ಟಿ, ಹೊಸದೆಲ್ಲ ಕಸ ಅಂತಾನೂ ನಾನು ಹೇಳ್ತಿಲ್ಲ. ಯುರೋಪಿಯನ್ ಯೂನಿಯನ್ 2017ರ ಸೆಪ್ಟೆಂಬರಿಂದ ಅಲ್ಲಿ ಮಾರೋ ಮನೆಬಳಕೆಯ ವ್ಯಾಕ್ಯೂಮ್ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, 900 ವ್ಯಾಟ್ ಒಳಗಿರಬೇಕು ಅಂತ ಕಾನೂನು ಮಾಡಿತು. ವಾರಕ್ಕೆ 40 ನಿಮಿಷ ಗುಡಿಸಿದ್ರೆ 500 ಗಂಟೆ ಅಂದ್ರೆ ಹತ್ತಿರ ಹತ್ತಿರ 14 ವರ್ಷ. ಒಳ್ಳೇ ಕಾನೂನೇ. ಇನ್ನು ಧೂಳು ತಡೆಯೋದರಲ್ಲಿ ಹಳೇ ಬಟ್ಟೆ ಬ್ಯಾಗ್ ನಿಜಕ್ಕೂ ಸೋಲುತ್ತೆ, ನುಣ್ಣನೆ ಧೂಳು ವಾಪಸ್ ಮನೆಯೊಳಗೇ ಬರುತ್ತೆ. ಓಹಾಯೋದ ಕ್ಯಾಂಟನ್‌ನಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಸ್ಪ್ಯಾಂಗ್ಲರ್ 1907ರಲ್ಲಿ ತನ್ನ ಮೆಷಿನ್ ಕಟ್ಟಿದ್ದು ಉಬ್ಬಸ ತಡೆಯಲಾರದೆ, ಆಮೇಲೆ ಹೂವರ್ ಕಂಪನಿ ಬೆಳೆದದ್ದು ಅದರಿಂದಲೇ. ಮನೇಲಿ ಉಬ್ಬಸದ ಮಗು ಇದ್ರೆ ನುಣ್ಣನೆ ಧೂಳನ್ನೂ ಹಿಡಿಯೋ ಹೆಪಾ ಬ್ಯಾಗ್ ಹಾಕೋಕೆ ಬರುವಂತೆ ಮಾಡಿಕೊಟ್ಟ ಮೆಷಿನ್ ಬಿಟ್ಟು ಬೇರೆದು ತಗೋಬೇಡಿ.

ಅಲ್ಲಿಂದ ಊರಿಗೆ ವಾಪಸ್ ಬರುವಾಗ ಇದನ್ನೂ ಹೊತ್ತು ತರೋ ಯೋಚನೆ ಇದ್ರೆ ಬಿಟ್ಟುಬಿಡಿ. ಅದು 120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದ್ರೆ ಮೋಟಾರ್ ಸುಟ್ಟುಹೋಗುತ್ತೆ, ಇಳಿಸೋ ಟ್ರಾನ್ಸ್‌ಫಾರ್ಮರ್ ಒಂದು ಹೊರೆ. ನಮ್ಮ ಟೈಲ್ಸ್ ನೆಲಕ್ಕೆ ಕಾರ್ಪೆಟ್ ಬ್ರಷ್ ಬೇಕಾಗೂ ಇಲ್ಲ.

ನಮ್ಮಲ್ಲೇ ಇದೆಯಲ್ಲ. ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುವಾಗಿ ಯೂರೋಕ್ಲೀನ್ ಮೆಷಿನ್ನನ್ನ ಹೀಗೇ ಮನೆಮನೆಗೆ ಬಂದು ಮಾರಿತು. ಅವು ಎಷ್ಟೋ ಮನೆಯ ಸಜ್ಜಾ ಮೇಲೆ ಧೂಳು ಹಿಡಿದು ಕೂತಿವೆ. ಗುಜರಿಯವನಿಗೆ ತೂಕಕ್ಕೆ ಹಾಕೋ ಮೊದಲು ಮೋಟಾರ್ ವೈಂಡಿಂಗ್ ಅಂಗಡಿಗೆ ಒಯ್ದು ಕಾರ್ಬನ್ ತೋರಿಸಿ. ಕೆಲಸ ಮಾಡಿಕೊಟ್ಟವನು ಕೂಲಿ ಕೇಳಿದ್ರೆ ಚೌಕಾಸಿ ಮಾಡಬೇಡಿ. ಬದಲಾಯಿಸಿದ ಹಳೇ ಬೇರಿಂಗನ್ನ ಮಾತ್ರ ಕೇಳಿ ಇಸ್ಕೊಂಡು ಬನ್ನಿ.