ನಮ್ಮ ಮನೆ ಯಾರ ಹೊತ್ತಿನ ಮೇಲೆ ನಿಂತಿದೆ?

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಂಜೆಯ ಕೆಲಸವನ್ನು ಯಾರಿಗೋ ಒಪ್ಪಿಸಿ ಇಲ್ಲಿಗೆ ಬಂದಿರುವ ಅಕ್ಕ ತಂಗಿಯರೇ,

ನಗರದ ಸಂಸಾರದ ಬಗ್ಗೆ ಒಬ್ಬ ತಾಯಿಯಾಗಿ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ತ್ಯಾಗ, ಮಮತೆ, ತಾಳ್ಮೆ ಎಂಬ ಮಾತುಗಳ ಗೊಡವೆಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಆ ಮಾತುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವು ಸಭೆಗೆ ಬಂದ ಕೂಡಲೇ ಎಲ್ಲರೂ ಕೈಮುಗಿಯುತ್ತಾರೆ, ಲೆಕ್ಕ ಕೇಳುವವರು ಸುಮ್ಮನಾಗುತ್ತಾರೆ. ಇವತ್ತು ನಾನು ಲೆಕ್ಕ ಕೇಳಲೆಂದೇ ನಿಂತಿದ್ದೇನೆ. ಹಣದ ಲೆಕ್ಕ ಎಲ್ಲ ಮನೆಯಲ್ಲೂ ಹೇಗೋ ನಡೆಯುತ್ತದೆ. ನನ್ನದು ಹೊತ್ತಿನ ಲೆಕ್ಕ. ಬೆಂಗಳೂರಿನಂಥ ಊರಿನಲ್ಲಿ ಒಂದು ಸಂಸಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಾಗಬೇಕಾದರೆ ಎಷ್ಟು ಹೊತ್ತು ಬೇಕು, ಅದನ್ನು ಯಾರು ಕೊಡುತ್ತಾರೆ, ಕೊಡುವವರು ಅದನ್ನು ಎಲ್ಲಿಂದ ಹೊಂದಿಸಿ ತರುತ್ತಾರೆ ಎಂಬುದಷ್ಟೇ ನನ್ನ ವಿಷಯ.

ಈ ಲೆಕ್ಕಕ್ಕೆ ಸರ್ಕಾರದ ದಾಖಲೆಯೂ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿದರು. 2024ರಲ್ಲಿ ಅದನ್ನೇ ಮತ್ತೆ ಮಾಡಿದರು. ಬೆಳಗಿನ ಜಾವ 4 ಗಂಟೆಯಿಂದ ಮರುದಿನ ಬೆಳಗಿನ ಜಾವ 4 ಗಂಟೆಯವರೆಗೆ, ಅರ್ಧರ್ಧ ಗಂಟೆಯ ತುಂಡು ಮಾಡಿಕೊಂಡು, ಯಾರು ಏನು ಮಾಡಿದರು ಎಂದು ಬರೆದುಕೊಂಡ ಸಮೀಕ್ಷೆ ಅದು. 2024ರ ಲೆಕ್ಕದಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷವನ್ನೂ ಗಂಡಸರು 88 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ. 2019ರಲ್ಲಿ ಈ ಸಂಖ್ಯೆಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರಿಗೆ 10 ನಿಮಿಷ ಉಳಿಯಿತೆಂದು ಸಂತೋಷಪಡುವಷ್ಟರಲ್ಲಿ ಗಂಡಸರು 9 ನಿಮಿಷ ಉಳಿಸಿಕೊಂಡಿದ್ದು ಕಣ್ಣಿಗೆ ಬೀಳುತ್ತದೆ. ಮಿಕ್ಸಿ, ವಾಷಿಂಗ್ ಮಷೀನು ಇಬ್ಬರಿಗೂ ಸಮನಾಗಿ ಉಪಕಾರ ಮಾಡಿವೆಯೆಂದು ತಿಳಿಯೋಣ.

ಸಮೀಕ್ಷೆಯ ಅರ್ಧ ಗಂಟೆಯ ಚೌಕದೊಳಗೆ ಬೀಳದ ಕೆಲಸವೂ ಒಂದಿದೆ. ನಾಳೆ ಬೆಳಿಗ್ಗೆ ದೋಸೆ ಬೇಕಾದರೆ ಇವತ್ತು ಮಧ್ಯಾಹ್ನವೇ ಅಕ್ಕಿ ಉದ್ದು ನೆನೆಹಾಕಿರಬೇಕು, ರಾತ್ರಿ ಮಲಗುವ ಮೊದಲು ರುಬ್ಬಿಟ್ಟಿರಬೇಕು. ನೆನೆಹಾಕಬೇಕೆಂಬ ನೆನಪು ಮಾತ್ರ ಕಚೇರಿಗೆ ಹೋಗುವ ಬಸ್ಸಿನಲ್ಲಿ, ಮೇಲಿನ ಸರಳು ಹಿಡಿದು ನಿಂತಿರುವಾಗ ಬಂದಿರುತ್ತದೆ. ನೆನೆಹಾಕಿದ್ದಕ್ಕೆ 2 ನಿಮಿಷ, ರುಬ್ಬಿದ್ದಕ್ಕೆ ಅರ್ಧ ಗಂಟೆ ಎಂದು ಬರೆದುಕೊಳ್ಳಬಹುದು. ಬಸ್ಸಿನಲ್ಲಿ ನಿಂತು ನೆನಪಿಟ್ಟುಕೊಂಡದ್ದನ್ನು ಪ್ರಯಾಣದ ಖಾತೆಗೇ ಬರೆಯುತ್ತಾರೆ. ಶಾಲೆಯ ಡೈರಿಯಲ್ಲಿ ಬುಧವಾರಕ್ಕೆ ಬಿಳಿ ಬೂಟು ಎಂದಿರುವುದು, ಅತ್ತೆಯವರ ಬಿಪಿ ಮಾತ್ರೆ ಶನಿವಾರಕ್ಕೆ ಮುಗಿಯುವುದು, ಗ್ಯಾಸ್ ಬುಕ್ ಮಾಡಬೇಕಿರುವುದು, ನಾದಿನಿಯ ಮಗನ ಉಪನಯನಕ್ಕೆ ಉಡುಗೊರೆ ತರಬೇಕಿರುವುದು, ಎಲ್ಲವೂ ಹೀಗೆ ಬೇರೆ ಯಾವುದೋ ಕೆಲಸದ ಅಡಿಯಲ್ಲಿ ನಡೆದುಹೋಗುತ್ತವೆ. ಏನಾದರೂ ತಪ್ಪಿದಾಗ ನಮ್ಮ ಮನೆಯವರು ಹೇಳುವುದು, "ನೀನು ಹೇಳಿದ್ದರೆ ನಾನೇ ಮಾಡುತ್ತಿದ್ದೆನಲ್ಲ" ಎಂದು. ಅದು ಪ್ರಾಮಾಣಿಕವಾದ ಮಾತು, ಹೇಳಿದಾಗ ಅವರು ಮಾಡಿಯೂ ಮಾಡುತ್ತಾರೆ. ಆದರೆ ಹೇಳಬೇಕಾದರೆ ಮೊದಲು ಒಬ್ಬರ ತಲೆಯಲ್ಲಿ ಅದು ಇರಬೇಕಷ್ಟೆ; ಆ ತಲೆ ಯಾರದಿರಬೇಕೆಂದು ನಾವಿಬ್ಬರೂ ಕೂತು ತೀರ್ಮಾನ ಮಾಡಿದ ನೆನಪು ನನಗಿಲ್ಲ.

ಇದಿಷ್ಟೇ ಆಗಿದ್ದರೆ ಇದು ಗಂಡ ಹೆಂಡಿರ ಮಾತು, ಊರಿನ ಮುಂದೆ ಆಡಬೇಕಾದದ್ದಲ್ಲ. ಊರು ಎಲ್ಲಿ ಸೇರಿಕೊಳ್ಳುತ್ತದೆ ಎಂಬುದಕ್ಕೆ ನೀರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಕಾವೇರಿ ಬರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗುತ್ತ, ಸುಮಾರು 100 ಕಿಲೋಮೀಟರ್ ದೂರವನ್ನೂ 500 ಮೀಟರಿನಷ್ಟು ಎತ್ತರವನ್ನೂ ಏರಿ ಅದು ನಗರ ಮುಟ್ಟುತ್ತದೆ. 1974ರಲ್ಲಿ ಯೋಜನೆಯ ಮೊದಲ ಹಂತ ಬಂತು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಇಷ್ಟು ದೊಡ್ಡ ಸಾಹಸವೆಲ್ಲ ಮುಗಿದು ನೀರು ನಮ್ಮ ಸಂಪಿನ ಬಾಯಿಗೆ ಬಂದ ಮೇಲೆ, ಸಂಪಿನಿಂದ ಮಹಡಿಯ ಟ್ಯಾಂಕಿಗೆ ಏರಿಸುವ ಕಡೆಯ ಹಂತವೊಂದು ಉಳಿದಿರುತ್ತದೆ. ಅದು ನಡೆಯುವುದು ಮನೆಯ ಹೆಂಗಸಿನ ನಿದ್ದೆಯ ಖರ್ಚಿನಲ್ಲಿ. ನಮ್ಮ ಬೀದಿಗೆ ದಿನ ಬಿಟ್ಟು ದಿನ ನಸುಕಿನಲ್ಲಿ ನೀರು ಬಿಡುತ್ತಾರೆ. ಕೊಳಾಯಿಯಲ್ಲಿ ಮೊದಲು ಗಾಳಿ ಸೀಟಿ ಹಾಕುತ್ತದೆ, ಸ್ವಲ್ಪ ಹೊತ್ತಿಗೆ ನೀರು ಬೀಳುವ ಸದ್ದು ದಪ್ಪವಾಗುತ್ತದೆ. ಆ ಸದ್ದಿಗೆ ನಮ್ಮ ಕಟ್ಟಡದಲ್ಲಿ ಎಚ್ಚರಾಗುವುದು ಮೂರೂ ಮಹಡಿಯ ಹೆಂಗಸರಿಗೆ ಮಾತ್ರ. ಗಂಡಸರ ಕಿವಿಗೆ ಅದು ಯಾಕೆ ಬೀಳುವುದಿಲ್ಲವೋ ವೈದ್ಯರೇ ಹೇಳಬೇಕು.

2024ರ ಬೇಸಿಗೆಯನ್ನು ನೀವ್ಯಾರೂ ಮರೆತಿರಲಾರಿರಿ. ಬೋರ್‌ವೆಲ್‌ಗಳು ಬತ್ತಿದವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂತು. ಪತ್ರಿಕೆಗಳು ಎಷ್ಟು ಲೀಟರ್ ಕೊರತೆ, ಟ್ಯಾಂಕರಿಗೆ ಎಷ್ಟು ದರ ಎಂದು ದಿನಾ ಬರೆದವು. ಟ್ಯಾಂಕರಿನವರಿಗೆ ಫೋನ್ ಹಚ್ಚಿ, ಅವರು ಎತ್ತದಿದ್ದಾಗ ಇನ್ನೊಬ್ಬರ ನಂಬರ್ ಹುಡುಕಿ, ಕೊನೆಗೆ ಲಾರಿ ಬರುವ ಹೊತ್ತಿಗೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಗೇಟಿನ ಬಳಿ ನಿಂತವರು ಯಾರು ಎಂಬ ಅಂಕಿ ಎಲ್ಲಿಯೂ ಅಚ್ಚಾದದ್ದು ನಾನು ನೋಡಲಿಲ್ಲ. ನಗರದ ವ್ಯವಸ್ಥೆಯಲ್ಲಿ ಎಲ್ಲಿ ಕೊರೆ ಬಿದ್ದರೂ ಅದನ್ನು ತುಂಬುವುದು ಯಾರೋ ಒಬ್ಬರ ಹೊತ್ತು, ಮತ್ತು ಆ ಹೊತ್ತು ಪುಕ್ಕಟೆ ಎಂದು ವ್ಯವಸ್ಥೆ ಮೊದಲೇ ನಂಬಿಕೊಂಡಿರುತ್ತದೆ ಎಂಬುದು ನನ್ನ ದೂರು.

ರಸ್ತೆಯ ವಿಷಯವೂ ಇದೇ. ಮನೆಯಿಂದ ಹೊರಟು ನೇರವಾಗಿ ಕೆಲಸಕ್ಕೆ ಹೋಗಿ ಸಂಜೆ ನೇರವಾಗಿ ಮನೆಗೆ ಬರುವವನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ರಸ್ತೆ, ರೈಲುಗಳ ಯೋಜನೆ ಸಿದ್ಧವಾಗುತ್ತದೆ. ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕಚೇರಿಗೆ ಹೋಗಿ, ಬರುವಾಗ ಔಷಧದ ಅಂಗಡಿಯಲ್ಲಿ ಇಳಿದು, ಸೊಪ್ಪು ಕೊಂಡು, ಟ್ಯೂಷನ್ನಿನಿಂದ ಮಗುವನ್ನು ಕರೆದುಕೊಂಡು ಮನೆ ಸೇರುವವಳ ದಾರಿ ಆ ನಕ್ಷೆಯಲ್ಲಿ ಕಾಣುವುದಿಲ್ಲ. ಪ್ರತಿಯೊಂದು ತುಂಡು ಚಿಕ್ಕದು, ಪ್ರತಿಯೊಂದಕ್ಕೂ ಕಾಯಬೇಕು, ಪ್ರತಿಯೊಂದಕ್ಕೂ ಬೇರೆ ಟಿಕೆಟ್ಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದಾಗ, ತೀರ್ಥಯಾತ್ರೆ ಹೊರಟವರ ಫೋಟೋಗಳೇ ಹೆಚ್ಚು ಬಂದವು, ಅದರ ಮೇಲೆ ಹಾಸ್ಯವೂ ನಡೆಯಿತು. ಧರ್ಮಸ್ಥಳಕ್ಕೆ ಹೋಗಿ ಬಂದವರ ಸಂತೋಷಕ್ಕೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ನನ್ನ ಮಟ್ಟಿಗೆ ಆ ಯೋಜನೆಯ ನಿಜವಾದ ಉಪಯೋಗ ಈ ತುಂಡು ದಾರಿಗಳಲ್ಲಿದೆ: ಎರಡು ಸ್ಟಾಪಿಗೆ ಹತ್ತಿ, ಇಳಿದು, ಕೆಲಸ ಮುಗಿಸಿ, ಮತ್ತೆ ಹತ್ತಲು ಇನ್ನು ಚಿಲ್ಲರೆ ಎಣಿಸಬೇಕಿಲ್ಲ. ಹಾಗೆ ಉಳಿದ ದುಡ್ಡಿಗಿಂತ ನಡೆಯುವುದು ತಪ್ಪಿ ಉಳಿದ ಹೊತ್ತು, ಮನೆಗೆಲಸಕ್ಕೆ ನಾಲ್ಕಾರು ಮನೆ ಸುತ್ತುವವರಿಗೆ ದೊಡ್ಡದು.

ಈಗ ಆ ನಾಲ್ಕಾರು ಮನೆ ಸುತ್ತುವವರ ಮಾತಿಗೆ ಬರುತ್ತೇನೆ; ನಾನು ಹೇಳಬೇಕೆಂದು ಬಂದದ್ದರ ತಿರುಳು ಇಲ್ಲೇ ಇದೆ. ನಾನು ಹೊರಗೆ ದುಡಿಯಲು ಸಾಧ್ಯವಾಗಿರುವುದು, ಇವತ್ತು ಈ ಮೈಕಿನ ಮುಂದೆ ನಿಲ್ಲಲು ಸಾಧ್ಯವಾಗಿರುವುದು, ಇನ್ನೊಬ್ಬ ತಾಯಿ ತನ್ನ ಮನೆಯ ಹೊತ್ತನ್ನು ನನ್ನ ಮನೆಗೆ ಮಾರಿರುವುದರಿಂದ. ಆಕೆ ಬೆಳಿಗ್ಗೆ ನಮ್ಮಲ್ಲಿ ಪಾತ್ರೆಗೆ ಬರುವ ಹೊತ್ತಿಗೆ ಆಕೆಯ ಮನೆಯಲ್ಲಿ ಮಗ ತಾನೇ ಎದ್ದು ತಾನೇ ಅನ್ನ ಬಡಿಸಿಕೊಂಡು ಶಾಲೆಗೆ ಹೊರಡುತ್ತಾನೆ. ಶಾಲೆಗೆ ರಜೆಯಿದ್ದ ದಿನ ಅವನನ್ನು ಜೊತೆಗೆ ಕರೆತರುತ್ತಾಳೆ. ಒಳಗೆ ಬಾರಪ್ಪ ಎಂದರೂ ಬರುವುದಿಲ್ಲ. ಬೇರೆ ಯಾವುದೋ ಮನೆಯಲ್ಲಿ ಯಾರೋ ಏನೋ ಅಂದಿದ್ದಾರಂತೆ. ಎರಡನೇ ಮಹಡಿಯ ಮೆಟ್ಟಿಲಿನ ಮೇಲೆ, ಚಪ್ಪಲಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು, ಅಮ್ಮನ ಫೋನನ್ನು ಸದ್ದು ಪೂರ್ತಿ ತಗ್ಗಿಸಿ ನೋಡುತ್ತ ಕೂತಿರುತ್ತಾನೆ. ಯಾರಾದರೂ ಇಳಿದು ಬಂದರೆ ಎದ್ದು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಾನೆ. ಬಾಗಿಲು ತೆರೆದ ಕೂಡಲೇ ಅವನು ಕೇಳುವುದು ಒಂದೇ ಮಾತು: "ಅಕ್ಕಾ, ಅಮ್ಮಂದು ಇನ್ನೂ ಎಷ್ಟೊತ್ತು?"

ಕಾನೂನು ಏನು ಹೇಳುತ್ತದೆ ನೋಡಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, ಸಂಬಳಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದರು. ಒಳ್ಳೆಯ ಕಾನೂನು, ಅದರಿಂದ ನನ್ನಂಥವರಿಗೆ ಉಪಕಾರವಾಗಿದೆ. ನನ್ನ ಅಡುಗೆಮನೆಯಲ್ಲಿ ಕೆಲಸ ಮಾಡುವವಳಿಗೆ ಮಾತ್ರ ಅಂಥ 50 ಜನರ ಸಂಸ್ಥೆ ಎಂಬುದೇ ಇಲ್ಲ. ಆಕೆಯ ಸಂಸ್ಥೆ ನಾನು, ಪಕ್ಕದ ಬೀದಿಯ ನಿವೃತ್ತ ಮೇಷ್ಟರು, ಮೂಲೆಮನೆಯ ಡಾಕ್ಟರು. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ ಕರ್ನಾಟಕ 2004ರಷ್ಟು ಹಿಂದೆಯೇ ಮುಂದಡಿ ಇಟ್ಟಿತ್ತು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ನಾವು ಮೂರು ಮನೆಯವರೂ ಸೇರಿ ಆಕೆಗೆ ಹೆರಿಗೆ ರಜೆ ಕೊಟ್ಟೆವೇ, ಭಾನುವಾರ ಬಿಟ್ಟುಕೊಟ್ಟೆವೇ ಎಂದು ಕೇಳುವ ಅಧಿಕಾರಿ ನನ್ನ ಬಾಗಿಲಿಗೆ ಇದುವರೆಗೆ ಬಂದಿಲ್ಲ.

ಅಂಗನವಾಡಿ ಇದೆಯಲ್ಲ ಎನ್ನುವಿರಿ. ಇದೆ, 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಈ ದೇಶ ಮಕ್ಕಳಿಗಾಗಿ ಮಾಡಿದ ದೊಡ್ಡ ಕೆಲಸಗಳಲ್ಲೊಂದು. ಊಟ, ಮೊಟ್ಟೆ, ತೂಕ, ಲಸಿಕೆ, ಎಲ್ಲದರ ಕಾಳಜಿಯೂ ಅಲ್ಲಿದೆ. ಆದರೆ ಅದು ಮಗುವಿನ ಪೌಷ್ಟಿಕತೆಯನ್ನು ನೋಡಿ ರೂಪಿಸಿದ್ದು, ತಾಯಿಯ ಪಾಳಿಯನ್ನು ನೋಡಿ ಅಲ್ಲ; ಸಂಜೆ ನಾಲ್ಕರ ಹೊತ್ತಿಗೆ ಬೀಗ ಬೀಳುತ್ತದೆ. ಗಾರ್ಮೆಂಟ್ ಕಾರ್ಖಾನೆಯ ಬಸ್ಸು ಪೀಣ್ಯದಿಂದಲೋ ಮೈಸೂರು ರಸ್ತೆಯಿಂದಲೋ ಹೊರಡುವುದು ಅದಕ್ಕಿಂತ ತಡವಾಗಿ. ನಡುವಿನ ಆ ಎರಡು ಮೂರು ಗಂಟೆಯನ್ನು ಅಜ್ಜಿಯೋ, ಪಕ್ಕದ ಮನೆಯವರೋ, ಒಂಬತ್ತು ಹತ್ತು ವರ್ಷದ ಅಕ್ಕನೋ ನೋಡಿಕೊಳ್ಳಬೇಕು. ಆ ಅಕ್ಕನ ಶಾಲೆ ಎಷ್ಟರಮಟ್ಟಿಗೆ ನಡೆದೀತು ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ.

ಅಜ್ಜಿಯ ಮಾತು ಬಂದದ್ದರಿಂದ ಒಂದೆರಡು ವಾಕ್ಯ. ನಮ್ಮ ಪೈಕಿ ಬಹಳ ಮಂದಿ ಮಗು ಹುಟ್ಟಿದ ಮೇಲೆ ಅಮ್ಮನನ್ನೋ ಅತ್ತೆಯನ್ನೋ ಊರಿನಿಂದ ಕರೆಸಿಕೊಂಡಿದ್ದೇವೆ, ಅದನ್ನು ಕೂಡುಕುಟುಂಬ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಊರಿನಲ್ಲಿ ಜಗುಲಿ, ಹಿತ್ತಲು, ದೇವಸ್ಥಾನ, ನಾಲ್ಕು ಜನರ ಮಾತು ಇದ್ದ ಹೆಂಗಸು ಇಲ್ಲಿ ಮಹಡಿಯ ಮೇಲೆ ಮಗುವಿನ ನಿದ್ದೆಯ ವೇಳೆಗೆ ತಕ್ಕಂತೆ ಬದುಕುತ್ತಾಳೆ. ನಮ್ಮ ಅತ್ತೆಯವರಿಗೆ ಈ ಊರಿನಲ್ಲಿ ಆತ್ಮೀಯಳೆಂದರೆ ಕೆಲಸಕ್ಕೆ ಬರುವ ಅದೇ ಹೆಂಗಸು. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತರೆ ನನ್ನ ಮೇಲಿನ ದೂರುಗಳೂ ಅಲ್ಲೇ ಸುಲಿದುಹೋಗುತ್ತವೆಂದು ನನಗೆ ಗೊತ್ತು. ಅತ್ತೆಯವರ ಹೊತ್ತಿಗೂ ನಾವು ಬೆಲೆ ಕಟ್ಟಿಲ್ಲ, ಪ್ರೀತಿಯ ಹೆಸರಿನಲ್ಲಿ ತೆಗೆದುಕೊಂಡಿದ್ದೇವೆ.

ಹಾಗಾದರೆ ಕೆಲಸ ಬಿಟ್ಟು ಎಲ್ಲರೂ ಮನೆಯಲ್ಲಿ ಕೂರಬೇಕೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ತಾಯಂದಿರಿಗೆ ಮಾತ್ರ ಕೇಳುವುದರಿಂದಲೇ ಅದಕ್ಕೆ ನಾನು ಉತ್ತರಿಸುವುದಿಲ್ಲ. ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಹೆಂಗಸರ ಪೈಕಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಅದು ಶೇ. 21ರ ಆಸುಪಾಸು. ಮೊದಲು ಅದು ಸರಿಹೋಗಲಿ. ಅಷ್ಟಾದರೂ ಗಂಡ ಹೆಂಡತಿ ಇಬ್ಬರೂ ಪಾಳಿಯಲ್ಲಿ ದುಡಿಯುವ ಮನೆಗೆ ಅದು ಸಾಲುವುದಿಲ್ಲ. ಅಲ್ಲಿ ನಡೆದುಹೋಗುವಷ್ಟು ದೂರದಲ್ಲಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆರೆದಿರುವ, ಮನೆಗೆಲಸದವರ ಮಕ್ಕಳನ್ನೂ ನನ್ನಂಥವರ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಜಾಗ ಬೇಕು.

ಇದನ್ನು ಯಾರನ್ನು ಕೇಳುವುದು ಎಂಬುದೂ ಸುಲಭದ ಪ್ರಶ್ನೆಯಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಬೀದಿಯ ಕಷ್ಟ ಹೇಳಿಕೊಳ್ಳಲು ಬೀದಿಯ ಮನುಷ್ಯ ಇಲ್ಲವಾದ. ಆದರೂ ನಮ್ಮ ಬಡಾವಣೆಯ ಕೆಲವರು ಸೇರಿ ಒಂದು ಮನವಿ ಬರೆದಿದ್ದೇವೆ. ಉದ್ಯಾನದ ಪಕ್ಕದ ಸಮುದಾಯ ಭವನ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ. ನೀರಿದೆ, ಶೌಚಾಲಯವಿದೆ, ಕಾಂಪೌಂಡಿದೆ. ಅದನ್ನು ಶಿಶುಪಾಲನೆಗೆ ಕೊಡಿ, ಇಬ್ಬರು ಆಯಾಗಳ ಸಂಬಳದಲ್ಲಿ ಅರ್ಧವನ್ನು ಮನೆಗಳವರು ತಮ್ಮ ಶಕ್ತಿಯಂತೆ ಹಾಕಿಕೊಳ್ಳುತ್ತೇವೆ, ಉಳಿದದ್ದನ್ನು ನೀವು ಕೊಡಿ ಎಂಬುದು ಮನವಿಯ ಸಾರಾಂಶ. ಕೆಲಸಕ್ಕೆ ಬರುವ ಹೆಂಗಸರು ಓದಿಸಿಕೊಂಡು ಒಂದು ತಿದ್ದುಪಡಿ ಸೂಚಿಸಿದರು: ಎಂಟು ಬೇಡ, ಆರೂವರೆಗೆ ತೆರೆಯಲಿ, ಎಂಟಕ್ಕೆ ನಾವು ಎರಡನೇ ಮನೆಯಲ್ಲಿರುತ್ತೇವೆ ಎಂದು. ಹಾಗೆಯೇ ತಿದ್ದಿದ್ದೇವೆ. ಇನ್ನೊಂದು ಆಕ್ಷೇಪಕ್ಕೆ ಮಾತ್ರ ನಮ್ಮ ಬಳಿ ಸಮಾಧಾನವಿಲ್ಲ: ಮದುವೆಯ ಮುಹೂರ್ತಗಳಿರುವ ತಿಂಗಳಲ್ಲಿ ಭವನವನ್ನು ಬಾಡಿಗೆಗೆ ಕೊಟ್ಟಾಗ ಮಕ್ಕಳನ್ನು ಎಲ್ಲಿ ಕೂರಿಸುವುದು? ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಸಮಯ ಇಟ್ಟಿದ್ದಾರೆ. ನಿಮ್ಮ ಬಡಾವಣೆಯಲ್ಲಿ ಇದಕ್ಕೇನಾದರೂ ದಾರಿ ಮಾಡಿಕೊಂಡಿದ್ದರೆ ದಯವಿಟ್ಟು ಮೊದಲು ಅದನ್ನು ಹೇಳಿ.